ಹಾವು ಮಲಗಿಸಲು ಕೊಂಡ ವೈನ್ ಫ್ರಿಜ್: ನಾಲ್ಕು ಚಳಿಗಾಲದ ನಂತರ

ಅಮೆರಿಕದ ಟೆಕ್ಸಸ್ಸಿನಲ್ಲಿರುವ ನಮ್ಮ ಹ್ಯೂಸ್ಟನ್ನಿನ ಚಳಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಡಿಸೆಂಬರಿನಲ್ಲೂ ಇವತ್ತು ಸ್ವೆಟರ್, ನಾಳೆ ಫ್ಯಾನ್. ನಾನು ಸಾಕಿರುವ ಕಾರ್ನ್ ಸ್ನೇಕ್ (ವಿಷವಿಲ್ಲದ ಅಮೆರಿಕದ ಹಾವು) ಜೋಡಿಯನ್ನು ಕೂಡಲು ಬಿಡುವ ಮುನ್ನ, ಕಾಡಿನಲ್ಲಿ ಮಾಡುವಂಥ ಚಳಿಗಾಲದ ನಿದ್ದೆ ಮಾಡಿಸಲು ಎಂಟು-ಹತ್ತು ವಾರ 10ರಿಂದ 13 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮಲಗಿಸುವುದಕ್ಕೆಂದು 2020ರ ನವೆಂಬರಿನಲ್ಲಿ 28 ಬಾಟಲಿ ಹಿಡಿಸುವ, ಕಂಪ್ರೆಸರ್ ಇಲ್ಲದ ವೈನ್ ಫ್ರಿಜ್ ಕೊಂಡೆ. ತಂತಿಯ ತಟ್ಟೆಗಳನ್ನು ಕಿತ್ತರೆ ಎರಡು ಪ್ಲಾಸ್ಟಿಕ್ ಡಬ್ಬಿ ಸಲೀಸಾಗಿ ಕೂರುತ್ತವೆ.

ಮೊದಲು ಗ್ಯಾರೇಜಿನಲ್ಲಿ ಇಟ್ಟು ಕೆಟ್ಟೆ. ಈ ಬಗೆಯ ಫ್ರಿಜ್ ಸುತ್ತಲಿನ ಗಾಳಿಗಿಂತ ಹತ್ತು-ಹನ್ನೊಂದು ಡಿಗ್ರಿಯಷ್ಟೇ ತಣ್ಣಗಾಗುತ್ತದೆ. ಗ್ಯಾರೇಜು 27 ಮುಟ್ಟಿದ ದಿನ ಒಳಗೆ 16. ಹಾವಿಗೆ ಅದು ಪೂರಾ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಮೈ ಇಳಿಯುತ್ತದೆ, ಉಣಿಸಿದರೆ ಅರಗುವುದಿಲ್ಲ. ಮನೆಯೊಳಕ್ಕೆ ತಂದ ಮೇಲೆ ಸರಿಹೋಯಿತು.

ಬಾಗಿಲಿನ ಮೇಲೆ ಮಿನುಗುವ ಅಂಕಿ ಬರೀ ಅಲಂಕಾರ. ಅದು 12 ಎನ್ನುವಾಗ ಮೇಲಿನ ಡಬ್ಬಿಯಲ್ಲಿ 14, ಕೆಳಗಿನದರಲ್ಲಿ 11 ಇತ್ತು. ಡಬ್ಬಿಗೊಂದು ಥರ್ಮಾಮೀಟರ್ ಬೇಕೇ ಬೇಕು. ಅದಕ್ಕಿಂತ ದೊಡ್ಡ ತೊಂದರೆ, ಹಿಂದಿನ ಗೋಡೆ ಬೆವರುವುದು. ಎರಡನೆಯ ವರ್ಷ ಆ ನೀರು ಇಳಿದು ಗಂಡಿನ ಡಬ್ಬಿಯ ಮರದ ಹೊಟ್ಟೆಲ್ಲ ಒದ್ದೆ. ಒಂದು ಬೆಳಿಗ್ಗೆ ನೋಡಿದರೆ ಅದರ ಮೂಗಿನ ಹೊಳ್ಳೆಯಲ್ಲಿ ಸಣ್ಣ ಗುಳ್ಳೆ, ಬಾಯಿ ಅರೆ ತೆರೆದಿದೆ. ಉಸಿರಾಟದ ಸೋಂಕಿನ ಗುರುತು ಅದು. ಆ ವರ್ಷ ಅದನ್ನು ಮಲಗಿಸುವ ಆಟ ಅಲ್ಲಿಗೇ ಮುಗಿಯಿತು. ಮೆಲ್ಲನೆ ಬೆಚ್ಚಗೆ ಮಾಡಿ ವೈದ್ಯರಲ್ಲಿಗೆ ಓಡಿದೆ. ಈಗ ಹಿಂಬದಿಗೆ ಟವೆಲ್ ಸುತ್ತಿಡುತ್ತೇನೆ, ದಿನಕ್ಕೊಮ್ಮೆ ಬಾಗಿಲು ತೆರೆದು ಗಾಳಿಯಾಡಿಸುತ್ತೇನೆ.

ಇಷ್ಟು ಬೈದರೂ 2021ರ ಫೆಬ್ರುವರಿಯನ್ನು ಮರೆಯಲಾರೆ. ಟೆಕ್ಸಸ್ ಹೆಪ್ಪುಗಟ್ಟಿ ಕರೆಂಟು ಹೋದಾಗ ನಮ್ಮ ಮನೆಯೊಳಗೇ 5 ಡಿಗ್ರಿ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ತುಂಬಿದ್ದ ಈ ಪೆಟ್ಟಿಗೆಯೊಳಗೆ 9. ನಾವು ನಡುಗಿದೆವು, ಹಾವುಗಳು ಮಲಗಿಯೇ ಇದ್ದವು.

ಗಾಜಿನ ಬಾಗಿಲಿಗೆ ಕಪ್ಪು ಕಾಗದ ಅಂಟಿಸಿದ್ದೇನೆ, ಅವಕ್ಕೆ ಕತ್ತಲು ಬೇಕು. ಊರಿನಿಂದ ಬಂದಿದ್ದ ಅತ್ತೆಯವರು ಇದನ್ನು ಇನ್ನೊಂದು ಫ್ರಿಜ್ ಎಂದುಕೊಂಡು ದೋಸೆ ಹಿಟ್ಟಿನ ಪಾತ್ರೆಯೊಂದಿಗೆ ಬಾಗಿಲು ತೆರೆದರು. ಮರುದಿನವೇ ಬೀಗ ಬಿತ್ತು.

ಫಲ? ಹೋದ ಚಳಿಗಾಲ ಹೆಣ್ಣು 412 ಗ್ರಾಂ ಇದ್ದದ್ದು ಎದ್ದಾಗ 401. ಬೇಸಿಗೆಗೆ 14 ಮೊಟ್ಟೆ. ತಂಪು ಮಾಡದೆಯೂ ಕಾರ್ನ್ ಸ್ನೇಕ್ ಮರಿ ಮಾಡುವುದುಂಟು, ಹಾಗಾಗಿ ಎಲ್ಲ ಪುಣ್ಯವನ್ನೂ ಫ್ರಿಜ್ಜಿಗೆ ಕೊಡಲಾರೆ. ಮಲಗಿಸುವ ಮೂರು ವಾರ ಮೊದಲೇ ಉಣಿಸುವುದನ್ನು ನಿಲ್ಲಿಸಿ ಹೊಟ್ಟೆ ಖಾಲಿ ಮಾಡಿಸದಿದ್ದರೆ ಒಳಗಿನ ಇಲಿ ಅಲ್ಲೇ ಕೊಳೆಯುತ್ತದೆ. ಆಗ ಯಾವ ಫ್ರಿಜ್ಜೂ ಕಾಯದು.

ಈ ವರ್ಷ ಫ್ಯಾನು ಗೊರಗುಡತೊಡಗಿದೆ. ಮುಂದಿನದು ಕಂಪ್ರೆಸರ್ ಇರುವುದೇ, ಆದರೆ ಅದರ ನಡುಕ ಹಾವಿಗೆ ತಟ್ಟುತ್ತದೆ. ಡಬ್ಬಿಯಡಿಗೆ ಹಾಸಲು ಹಳೆಯ ಯೋಗ ಚಾಪೆಯನ್ನು ಈಗಲೇ ಎತ್ತಿಟ್ಟಿದ್ದೇನೆ.