ಭತ್ತ, ಅಕ್ಕಿ, ಅನ್ನ: ಜಯನಗರದ ಒಂದು ಚೀನೀ ಭಾಷಾ ತರಗತಿ

ಜಯನಗರದ ಮನೆಯೊಂದರ ಮೊದಲ ಮಹಡಿಯಲ್ಲಿ, ಅಡುಗೆ ಮತ್ತು ಊಟದ ಮೂಲಕ ದಿನಬಳಕೆಯ ಚೀನೀ ಮಾತುಗಳನ್ನು ಕಲಿಸುವ ಎಂಟು ಭಾನುವಾರಗಳ ತರಗತಿಯೊಂದನ್ನು ನಾನು ಕಳೆದ ತಿಂಗಳು ಮುಗಿಸಿದೆ. ನಡೆಸುವವರು ಕೆಲವು ವರ್ಷ ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಲ್ಲಿದ್ದು ಬಂದ ಕನ್ನಡತಿ. ಮನೆಯ ಮುಂದೆ ಬೋರ್ಡಿಲ್ಲ, ಹೆಸರು ಹರಡುವುದು ಅವರಿಗೂ ಇಷ್ಟವಿಲ್ಲ. ಆದ್ದರಿಂದ ನಾನೂ ಇಲ್ಲಿ ಹೆಸರಿಸಿಲ್ಲ. ಅಡುಗೆ ಸಾಮಗ್ರಿಯೂ ಸೇರಿ ಶುಲ್ಕ 6,000 ರೂಪಾಯಿ. ನಮ್ಮ ತಂಡದಲ್ಲಿ ಹತ್ತು ಜನರಿದ್ದೆವು: ಸರಕು ತರಲು ಶೆನ್‌ಝೆನ್‌ಗೆ ಹೋಗಿಬರುವ ಎಸ್.ಪಿ. ರಸ್ತೆಯ ಇಬ್ಬರು ವ್ಯಾಪಾರಿಗಳು, ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಕೆಲವು ವಿದ್ಯಾರ್ಥಿಗಳು, ಮತ್ತು ಅಡುಗೆಯ ಆಸೆಗೆ ಬಂದ ನನ್ನಂಥವರು.

ಮೊದಲ ದಿನ ಮೇಜಿನ ಮೇಲೆ ಮೂರು ಬಟ್ಟಲುಗಳಿದ್ದವು. ಒಂದರಲ್ಲಿ ಭತ್ತ, ಇನ್ನೊಂದರಲ್ಲಿ ಅಕ್ಕಿ, ಮತ್ತೊಂದರಲ್ಲಿ ಬಿಸಿ ಅನ್ನ. ಚೀನೀ ಭಾಷೆಯಲ್ಲಿ ಇವು ಕ್ರಮವಾಗಿ ತಾವ್, ಮಿ ಮತ್ತು ಫ಼ಾನ್. ಇಂಗ್ಲಿಷಿನವರು ಮೂರಕ್ಕೂ ರೈಸ್ ಎಂಬ ಒಂದೇ ಪದದಲ್ಲಿ ಕಾಲ ಕಳೆಯುವಾಗ, ಗದ್ದೆಯ ಬೆಳೆ, ಮೊರದ ಕಾಳು ಮತ್ತು ಎಲೆಯ ಮೇಲಿನ ಅಗುಳು ಬೇರೆ ಬೇರೆ ಎಂಬುದನ್ನು ನಾವೂ ಅವರೂ ಸಮಾನವಾಗಿ ಬಲ್ಲೆವು. ಫ಼ಾನ್ ಎಂದರೆ ಅನ್ನ ಮಾತ್ರವಲ್ಲ, ಊಟವೂ ಹೌದು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂಬ ಪದಗಳ ಕೊನೆಗೆ ಅದನ್ನು ಸೇರಿಸಿದರೆ ಮೂರು ಹೊತ್ತಿನ ಊಟದ ಹೆಸರುಗಳೂ ಸಿದ್ಧವಾಗುತ್ತವೆ. ನಾಲ್ಕನೆಯ ಬಟ್ಟಲಿಗೆ ಗಂಜಿ ಬಂತು. ಚೀನೀಯರು ಅದನ್ನು ಚೋವ್ ಎನ್ನುತ್ತಾರೆ; ಚೀನೀ ಹೋಟೆಲುಗಳ ಇಂಗ್ಲಿಷ್ ಮೆನುವಿನಲ್ಲಿ ಕಾಣುವ ಕಾಂಜೀ ಎಂಬ ಪದವಾದರೋ ನಮ್ಮ ದ್ರಾವಿಡ ನುಡಿಗಳ ಗಂಜಿ, ಕಂಜಿಯಿಂದಲೇ ಹೋದದ್ದು. ಇನ್ನು ಪರಿಚಿತರು ಎದುರಾದಾಗ ಹಿರಿಯರು ಕೇಳುವ ‘ಛಿ ಲ ಮ’ ಎಂಬ ಮಾತಿಗೆ ಶಿಕ್ಷಕಿ ಅರ್ಥವನ್ನೇ ಹೇಳಲಿಲ್ಲ. ‘ಊಟ ಆಯ್ತಾ?’ ಎಂದು ನಮ್ಮನ್ನು ಕೇಳಿ, ‘ಇದಕ್ಕೆ ನೀವು ಊಟದ ವರದಿ ಒಪ್ಪಿಸುತ್ತೀರೇನು?’ ಎಂದು ನಕ್ಕರು. ಅಷ್ಟರಲ್ಲಿ ಆ ಮಾತು ನಮಗೆಲ್ಲ ಬಾಯಿಪಾಠವಾಗಿತ್ತು.

ಎರಡನೆಯ ವಾರದ ಪಾಠ ಕೇವಲ ಕಾಯಿಗಳದ್ದು, ಎಂಟರಲ್ಲಿ ನನಗೆ ಅತಿ ಹೆಚ್ಚು ಪದಗಳನ್ನು ಕೊಟ್ಟದ್ದೂ ಅದೇ. ನಮ್ಮ ಹೆಸರುಗಳು ‘ಕಾಯಿ’ ಎಂದು ಮುಗಿಯುವಂತೆ ಅವರಲ್ಲಿ ಸೌತೆ, ಕುಂಬಳ, ಹಾಗಲದ ಹೆಸರುಗಳು ‘ಗ್ವಾ’ ಎಂದು ಮುಗಿಯುತ್ತವೆ. ಕಹಿ ಎಂಬ ಪದ ಸೇರಿದರೆ ಹಾಗಲಕಾಯಿ, ಪಶ್ಚಿಮ ಸೇರಿದರೆ ಕಲ್ಲಂಗಡಿ, ಚಳಿಗಾಲ ಸೇರಿದರೆ ಬೂದುಗುಂಬಳ, ದಕ್ಷಿಣ ಸೇರಿದರೆ ಸಿಹಿಗುಂಬಳ. ಸಿಹಿಗುಂಬಳವನ್ನು ನಮ್ಮ ಮಲೆನಾಡಿನವರು ಚೀನಿಕಾಯಿ ಎನ್ನುತ್ತಾರೆಂದು ನಾನು ಹೇಳಿದಾಗ ತರಗತಿಯಲ್ಲಿ ಸ್ವಲ್ಪ ಹೊತ್ತು ಗದ್ದಲವೇ ಆಯಿತು. ಅಮೆರಿಕ ಖಂಡದಿಂದ ಬಂದ ಬಳ್ಳಿಯೊಂದನ್ನು ನಾವು ಚೀನಾದ ಲೆಕ್ಕಕ್ಕೆ ಬರೆದಿದ್ದೇವೆ. ಚೀನೀಯರು ಅದು ದಕ್ಷಿಣದಿಂದ ಬಂತೆಂದು ಕೈ ತೊಳೆದುಕೊಂಡಿದ್ದಾರೆ. ಅದೇ ದಿನ ಹೂಕೋಸಿನ ಹೆಸರೂ ಬಂತು. ಹೂ ಮತ್ತು ತರಕಾರಿ ಎಂಬ ಎರಡು ಪದ ಕೂಡಿದ ಹ್ವಾತ್ಸಾಯ್ ನಮ್ಮ ಹೂಕೋಸಿನ ಜೊತೆಗೆ ಹುಟ್ಟಿದಂತಿದೆ.

ಹೂಕೋಸು ಬಂದ ಮೇಲೆ ಗೋಬಿ ಮಂಚೂರಿಯ ಮಾತು ಬಾರದಿರಲು ಇದು ಬೇರೆ ಊರೇ? ಮಂಚೂರಿಯನ್ ಎಂಬ ಬಗೆಯನ್ನು 1975ರ ಸುಮಾರಿಗೆ ಮುಂಬೈಯಲ್ಲಿ ಕೋಳಿಮಾಂಸದಿಂದ ಮೊದಲು ಮಾಡಿದವರು ಕೋಲ್ಕತ್ತಾ ಮೂಲದ ನೆಲ್ಸನ್ ವಾಂಗ್ ಎಂಬುದು ಪ್ರಸಿದ್ಧವಾಗಿದೆ. ನಮ್ಮ ಬೀದಿಯ ಗಾಡಿಗಳಲ್ಲಿ ಅದು ಎಷ್ಟು ಕೆಂಪಾಯಿತೆಂದರೆ, 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವೇ ಅದರ ಕೃತಕ ಬಣ್ಣವನ್ನು ನಿಷೇಧಿಸಬೇಕಾಯಿತು. ಶಿಕ್ಷಕಿ ಅದನ್ನು ಹೀಗಳೆಯಲಿಲ್ಲ, ಚೀನೀ ಅಡುಗೆಯೆಂದು ಒಪ್ಪಲೂ ಇಲ್ಲ. ಆ ಹೆಸರನ್ನು ಚೀನಾದ ಹೋಟೆಲಿನಲ್ಲಿ ಹೇಳಿದರೆ ಯಾರಿಗೂ ಅರ್ಥವಾಗದೆಂದು ಎಚ್ಚರಿಸಿ ಮುಂದೆ ಹೋದರು.

ಈ ತರಗತಿಯ ತಿರುಳು ನಾಲ್ಕನೆಯ ವಾರದ್ದು. ಸಿಚುವಾನ್ ಅಡುಗೆಯ ಹೆಸರಿನ ಜೊತೆಗೆ ಸದಾ ಕೇಳಿಬರುವ ‘ಮಾಲಾ’ ಎಂಬುದು ಎರಡು ಪದಗಳ ಜೋಡಿ. ಲಾ ಎಂದರೆ ಖಾರ. ಮಾ ಎಂದರೆ ನಾಲಿಗೆ ಮರಗಟ್ಟುವಂಥ ಅನುಭವ. ನಮ್ಮೆಲ್ಲರ ನಾಲಿಗೆಯ ಮೇಲೆ ಹ್ವಾಚ್ಯಾವ್ ಎಂಬ ಕಾಯಿಯ ಸಿಪ್ಪೆಯ ಚೂರೊಂದನ್ನು ಇಟ್ಟು, ಏನನಿಸಿತು ಎಂದು ಶಿಕ್ಷಕಿ ಕೇಳಿದರು. ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದಾಗ ಶಿರಸಿ ಕಡೆಯ ಬ್ಯಾಂಕ್ ಅಧಿಕಾರಿ ‘ಜುಮ್ಮೆನ್ನುತ್ತದೆ, ಇದು ನಮ್ಮ ಜುಮ್ಮನಕಾಯಿ’ ಎಂದುಬಿಟ್ಟರು. ಅವರ ಮಾತು ಹೆಚ್ಚುಕಡಿಮೆ ಸರಿ. ಪಶ್ಚಿಮ ಘಟ್ಟದ ಮುಳ್ಳುಮರದ ಆ ಕಾಯಿ, ಕೊಂಕಣಿಗರು ಮೀನಿನ ಸಾರಿಗೆ ಹಾಕುವ ತಿರ್ಫಳ, ಸಿಚುವಾನಿನ ಈ ಸಿಪ್ಪೆಯ ಕುಲವೇ ಆಗಿದೆ. ಜಾತಿ ಮಾತ್ರ ಬೇರೆ. ಚೀನೀಯರು ರುಚಿಗೆ ಇಟ್ಟ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯವೇ ಬೇಕಾಗುತ್ತದೆ, ನಮಗಾದರೋ ಕಾಯಿಯ ಹೆಸರಿನಲ್ಲಿಯೇ ಅದು ಇದೆ.

ಅಲ್ಲಿಂದ ಪಾಠ ಮೆಣಸಿನತ್ತ ತಿರುಗಿತು. ಚ್ಯಾವ್ ಎಂಬ ಪದ ಮೊದಲು ಈ ಜುಮ್ಮೆನ್ನುವ ಕಾಳಿನದ್ದು. ಪಶ್ಚಿಮದ ಪರದೇಶಗಳಿಂದ ಕರಿಮೆಣಸು ಬಂದಾಗ ಅದು ಹೂಚ್ಯಾವ್, ಅಂದರೆ ಪರದೇಶಿಗಳ ಮೆಣಸಾಯಿತು. ಮೆಣಸಿನಕಾಯಿಯ ಉಲ್ಲೇಖ ಚೀನೀ ಬರಹದಲ್ಲಿ ಮೊದಲು ಸಿಗುವುದು 1591ರಲ್ಲಿ. ಈಗ ಅದರ ಹೆಸರು ಲಾಚ್ಯಾವ್, ಖಾರದ ಮೆಣಸು. ಕರಿಮೆಣಸನ್ನೇ ಮೆಣಸೆಂದು ಬಲ್ಲ ನಾವು ಹೊಸ ಕಾಯಿಯನ್ನು ಕಂಡು ಮೆಣಸಿನಕಾಯಿ ಎಂದ ಹಾಗೆಯೇ ಅವರೂ ಹಳೆಯ ಹೆಸರಿಗೆ ಬಾಲ ಕಟ್ಟಿದ್ದಾರೆ. ಮೂರು ಪದಗಳನ್ನು ಬೇರೆ ಬೇರೆಯಾಗಿ ಉರುಹೊಡೆಯುವ ಬದಲು ಒಗ್ಗರಣೆಯ ಮುಂದೆ ನಿಂತು ಒಂದೇ ಏಟಿಗೆ ಕಲಿತದ್ದು ನನಗೆ ಮರೆಯುವುದಿಲ್ಲ, ಆ ದಿನದ ಕೆಮ್ಮೂ ಮರೆಯುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ಮುಖ್ಯ ತಕರಾರನ್ನು ಹೇಳಬೇಕು. ಈ ತರಗತಿ ಕನ್ನಡಿಗರ ಅಡುಗೆಮನೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ, ಕನ್ನಡದ ಅಕ್ಷರಮಾಲೆಯನ್ನು ಮಾತ್ರ ಬಾಗಿಲ ಹೊರಗೇ ನಿಲ್ಲಿಸುತ್ತದೆ. ಕೈಗೆ ಕೊಡುವ ಹಾಳೆಗಳೆಲ್ಲ ಇಂಗ್ಲಿಷ್ ಅಕ್ಷರಗಳ ಪಿನ್‌ಯಿನ್ ಬರಹದಲ್ಲಿವೆ. ಚೀನಾ ಸರ್ಕಾರ 1958ರಲ್ಲಿ ಜಾರಿಗೆ ತಂದ ಆ ಪದ್ಧತಿ ಬಹಳ ಕ್ರಮಬದ್ಧವಾದದ್ದು. ಆದರೆ ಅದರ ಬಿ ಮತ್ತು ಪಿ, ಡಿ ಮತ್ತು ಟಿ, ಜಿ ಮತ್ತು ಕೆ ಅಕ್ಷರಗಳ ನಡುವಿನ ಭೇದ ಬ ಮತ್ತು ಪಗಳದ್ದಲ್ಲ, ಪ ಮತ್ತು ಫಗಳದ್ದು, ಅಂದರೆ ಅಲ್ಪಪ್ರಾಣ ಮಹಾಪ್ರಾಣಗಳದ್ದು. ಒಂದನೆಯ ತರಗತಿಯ ಮಗುವಿಗೂ ಗೊತ್ತಿರುವ ಈ ವಿಷಯವನ್ನು ಇಂಗ್ಲಿಷ್ ಹಾಳೆ ಮರೆಮಾಡುತ್ತದೆ. ಸಾರು ಎಂಬುದಕ್ಕೆ ಇರುವ ಪದವನ್ನು ಹಾಳೆ ನೋಡಿ ನಾವೆಲ್ಲ ಟಾಂಗ್ ಎಂದೆವು. ಅದು ನಿಜಕ್ಕೂ ಥಾಂಗ್. ಮೊಲದ ಹೆಸರನ್ನು ಹಾಗೆಯೇ ಓದಿದ ವ್ಯಾಪಾರಿಯೊಬ್ಬರ ಬಾಯಲ್ಲಿ ಅದು ಹೊಟ್ಟೆಯಾಗಿ, ಹುಲ್ಲು ತಿನ್ನುವ ಹೊಟ್ಟೆಯ ವಾಕ್ಯ ಸಿದ್ಧವಾಯಿತು. ಎಸ್, ಎಸ್‌ಎಚ್, ಎಕ್ಸ್ ಎಂದು ಪಿನ್‌ಯಿನ್ ಬರೆಯುವ ಮೂರು ಧ್ವನಿಗಳೂ ಹೀಗೆಯೇ. ನಮ್ಮ ಸ, ಷ, ಶಗಳನ್ನು ಬರೆದುಬಿಟ್ಟಿದ್ದರೆ ಅರ್ಧ ಗಂಟೆಯ ವಿವರಣೆ ಉಳಿಯುತ್ತಿತ್ತು. ನಮ್ಮಲ್ಲಿ ಅನೇಕರು ಮಹಾಪ್ರಾಣವನ್ನು ಬರೆಯುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ ಎಂಬುದು ನಿಜ. ಆದರೂ ಎದುರಿಗೆ ಥ ಇದ್ದರೆ ನಾಲಿಗೆ ಒಮ್ಮೆ ಎಚ್ಚರಗೊಳ್ಳುತ್ತದೆ.

ಸ್ವರದ ಏರಿಳಿತವನ್ನು ಕಲಿಸುವಾಗ ಶಿಕ್ಷಕಿ ಕನ್ನಡವನ್ನು ಮರೆಯಲಿಲ್ಲ ಎಂಬುದನ್ನೂ ಹೇಳಬೇಕು. ಏರುವ ಸ್ವರಕ್ಕೆ ‘ಹೌದಾ?’ ಎಂಬ ಬೆರಗಿನ ಕೊನೆ, ಬೀಳುವ ಸ್ವರಕ್ಕೆ ‘ಸಾಕು!’ ಎಂಬ ಗದರಿಕೆ. ಥಾಂಗ್ ಎಂಬುದನ್ನು ಮೇಲಿನ ಶ್ರುತಿಯಲ್ಲಿ ಸಮವಾಗಿ ಹಿಡಿದರೆ ಸಾರು, ಏರಿಸಿದರೆ ಸಕ್ಕರೆ. ಈ ಅಭ್ಯಾಸ ಮೊದಲ ಮೂರು ವಾರ ಚೆನ್ನಾಗಿ ನಡೆದು ಆಮೇಲೆ ಒಲೆಯ ಗಡಿಬಿಡಿಯಲ್ಲಿ ಕಳೆದುಹೋಯಿತು; ಎಂಟನೆಯ ವಾರದಲ್ಲಿ ಯಾರೂ ಯಾರನ್ನೂ ತಿದ್ದುತ್ತಿರಲಿಲ್ಲ.

ಸಂಸ್ಕೃತಿಯ ಪಾಠಗಳು ಏಕರೂಪವಾಗಿಲ್ಲ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಅದು ಸತ್ತವರ ಮುಂದೆ ನೆಡುವ ಊದುಬತ್ತಿಯಂತೆ ಕಾಣುತ್ತದೆ ಎಂದಾಗ, ಎಡೆ ಮತ್ತು ಪಿಂಡದ ನಿಯಮಗಳಲ್ಲಿ ಬೆಳೆದ ನಮಗೆ ವಿವರಣೆ ಬೇಕಾಗಲಿಲ್ಲ. ಮೀನು ಮತ್ತು ಮಿಗತೆ ಎರಡಕ್ಕೂ ಯೂ ಎಂಬ ಒಂದೇ ಉಚ್ಚಾರವಿರುವುದರಿಂದ ಹೊಸ ವರ್ಷದ ಊಟದಲ್ಲಿ ಮೀನು ಇರಲೇಬೇಕು ಎಂಬುದೂ ಸೊಗಸಾದ ಪಾಠ. ‘ವೊ ಛಿ ಸು’, ಅಂದರೆ ನಾನು ಸಸ್ಯಾಹಾರಿ, ಎಂಬ ವಾಕ್ಯವನ್ನು ಕಲಿಸಿ, ಚೀನಾದ ಬೌದ್ಧ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯವೆಂದು ತಿಳಿಸಿದಾಗ ಹಿಂದಿನ ಸಾಲಿನ ಒಬ್ಬ ತಾಯಿಯ ಮುಖ ಅರಳಿತು. ಕೊನೆಯ ಎರಡು ವಾರಗಳು ಮಾತ್ರ ಕೆಂಪು ಕಾಗದ ಕತ್ತರಿಸುವುದರಲ್ಲಿ, ಲಾಟೀನು ಅಂಟಿಸುವುದರಲ್ಲಿ ಕಳೆದವು. ಅದಕ್ಕೆ ನಾನು 6,000 ರೂಪಾಯಿ ಕೊಟ್ಟಿರಲಿಲ್ಲ.

ಲಿಪಿಯನ್ನು ಇವರು ಬಹುತೇಕ ಮುಟ್ಟುವುದಿಲ್ಲ. ನನಗೆ ಸುಮಾರು 120 ಪದಗಳು ಬಂದಿವೆ. ಎಚ್‌ಎಸ್‌ಕೆ ಎಂಬ ಚೀನೀ ಭಾಷಾ ಪರೀಕ್ಷೆಯ ಹಳೆಯ ಪದ್ಧತಿಯ ಮೊದಲ ಹಂತಕ್ಕೆ 150 ಪದಗಳು ಸಾಕಾಗುತ್ತಿದ್ದವು. ಆದರೆ ಅಲ್ಲಿ ಕೇಳುವುದು ಮೇಜು, ಕಂಪ್ಯೂಟರ್, ವೈದ್ಯ, ನಿನ್ನೆ, ನಾಳೆ. ಬೂದುಗುಂಬಳವನ್ನು ಕಟ್ಟಿಕೊಂಡು ಹೋದವರು ಅಲ್ಲಿ ಹೆಚ್ಚು ದೂರ ನಡೆಯಲಾರರು. ಪರೀಕ್ಷೆ ಅಥವಾ ನೌಕರಿಗಾಗಿ ಕಲಿಯುವವರು ಬೇರೆಡೆ ಹೋಗಲಿ. ಪ್ರವಾಸಕ್ಕೋ ವ್ಯಾಪಾರಕ್ಕೋ ಹೋಗಿ ನಾಲ್ಕು ಜನರೊಂದಿಗೆ ಊಟಕ್ಕೆ ಕೂರುವವರಿಗೆ ಮೊದಲ ಆರು ವಾರಗಳು ಕೊಟ್ಟ ಹಣಕ್ಕೆ ಮೋಸವಿಲ್ಲ. ಜಯನಗರ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು, ವಾಹನ ನಿಲ್ಲಿಸಲು ಜಾಗವಿಲ್ಲ, ಮತ್ತು ಮಾಡಿದ ಅಡುಗೆಯನ್ನು ಮನೆಗೆ ತರಲು ಡಬ್ಬಿಯನ್ನು ನೀವೇ ಒಯ್ಯಬೇಕು.

ಹಾಳೆಗಳ ಪದಗಳನ್ನೆಲ್ಲ ನಾನು ಕನ್ನಡ ಅಕ್ಷರಗಳಲ್ಲಿ ಬರೆದು ಅಡುಗೆಮನೆಯ ಕಪಾಟಿಗೆ ಅಂಟಿಸಿದ್ದೇನೆ. ತರಗತಿಯ ಮೆಟ್ಟಿಲು ಹತ್ತದ ನನ್ನ ಅಮ್ಮ, ಭಾರತವಾಚನ ಕೇಳಿ ಬೆಳೆದವರು, ಥಾಂಗ್ ಎಂಬುದನ್ನು ನನಗಿಂತ ಸ್ಪಷ್ಟವಾಗಿ ಓದುತ್ತಾರೆ. ಆ ಪಟ್ಟಿಯ ಒಂದು ಪ್ರತಿಯನ್ನು ಶಿಕ್ಷಕಿಗೆ ಕೊಟ್ಟಾಗ, ಮುಂದಿನ ತಂಡಕ್ಕೆ ಹಂಚಿ ನೋಡುತ್ತೇನೆ ಎಂದು ಇಟ್ಟುಕೊಂಡಿದ್ದಾರೆ.