ಪ್ರೊಸೆಸ್ ಎಕ್ಸ್‌ಪ್ಲೋರರ್: ‘ಎಂಡ್ ಟಾಸ್ಕ್’ ಒತ್ತುವ ಮುಂಚೆ ಇದೊಂದು ಕೈಯಲ್ಲಿರಲಿ

ಕಂಪ್ಯೂಟರ್ ಹ್ಯಾಂಗ್ ಆದಾಗ ಹೆಚ್ಚಿನವರಿಗೆ ಗೊತ್ತಿರುವುದು ಎರಡೇ ದಾರಿ: ಪವರ್ ಬಟನ್ ಅದುಮಿ ಹಿಡಿಯುವುದು, ಇಲ್ಲವೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಎಂಡ್ ಟಾಸ್ಕ್. ಸೇವ್ ಮಾಡದ ಕೆಲಸ ಎರಡರಲ್ಲೂ ಹೋಗುತ್ತದೆ. ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಲ್ಲಿ ಪುಕ್ಕಟೆ ಸಿಗುವ ಈ ಪುಟ್ಟ ತಂತ್ರಾಂಶದಲ್ಲಿ ಮೂರನೆಯ ದಾರಿಯಿದೆ: ಸಸ್ಪೆಂಡ್, ಅಂದರೆ ಆ್ಯಪನ್ನು ಮುಚ್ಚದೆ ಇದ್ದಲ್ಲೇ ತಡೆದು ನಿಲ್ಲಿಸುವುದು. ವರ್ಷಗಟ್ಟಲೆ ಬಳಸಿದ ಮೇಲೂ ಇದು ಡೆಸ್ಕ್‌ಟಾಪ್‌ನಿಂದ ಕದಲದಿರುವುದು ಅದೊಂದಕ್ಕಾಗಿಯೇ. ವಿಂಡೋಸ್‌ನದೇ ರಿಸೋರ್ಸ್ ಮಾನಿಟರ್‌ನಲ್ಲೂ ಸಸ್ಪೆಂಡ್ ಇದೆ, ಆದರೆ ಆ್ಯಪ್‌ನ ಒಳಗೆ ತಪ್ಪು ಎಲ್ಲಿದೆ ಎಂದು ಅದು ತೋರಿಸುವುದಿಲ್ಲ.

ಇನ್‌ಸ್ಟಾಲ್ ಬೇಕಿಲ್ಲ. ಜಿಪ್ ಬಿಚ್ಚಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಸಿಪಿಯು ಕಾಲಂ ಒತ್ತಿದರೆ ಹೆಚ್ಚು ತಿನ್ನುತ್ತಿರುವುದು ಮೇಲೆ ಬರುತ್ತದೆ. ಸಾಲುಗಳು ಸೆಕೆಂಡಿಗೊಮ್ಮೆ ಜಿಗಿಯುತ್ತವೆ. ಸ್ಪೇಸ್ ಬಾರ್ ಒತ್ತಿ, ಪಟ್ಟಿ ನಿಲ್ಲುತ್ತದೆ, ಸಾವಧಾನವಾಗಿ ಓದಬಹುದು. ಎಂಟು ಥ್ರೆಡ್‌ಗಳ (ಏಕಕಾಲಕ್ಕೆ ಎಂಟು ಕೆಲಸ ನಡೆಸಬಲ್ಲ) ಪ್ರೊಸೆಸರ್‌ನಲ್ಲಿ ಒಂದು ಆ್ಯಪ್ ಶೇ 12.5ರ ಆಸುಪಾಸಿನಲ್ಲೇ ಅಲ್ಲಾಡದೆ ನಿಂತಿದ್ದರೆ ಆ ಆ್ಯಪ್‌ನ ಒಂದು ಥ್ರೆಡ್ (ಕೆಲಸದ ಒಂದು ಎಳೆ) ಲೂಪ್‌ನಲ್ಲಿ, ಅಂದರೆ ಮುಗಿಯದ ಸುತ್ತಿನಲ್ಲಿ, ಸಿಕ್ಕಿಬಿದ್ದಿದೆ ಎಂದೇ ಶಂಕಿಸಬೇಕು. ನಾಲ್ಕಾದರೆ 25. ಟಾಸ್ಕ್ ಮ್ಯಾನೇಜರ್‌ನಲ್ಲಿ ಇಷ್ಟು ಸಣ್ಣ ಅಂಕಿ ಕಂಡು ಎಷ್ಟೋ ಜನ ‘ಇದಲ್ಲ ಬಿಡಿ’ ಎಂದು ಮುಂದೆ ಹೋಗುತ್ತಾರೆ.

ಆ ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ಥ್ರೆಡ್ಸ್ ಟ್ಯಾಬ್‌ಗೆ ಹೋಗಿ. ಮೇಲಿನ ಥ್ರೆಡ್ ಆರಿಸಿ ಸ್ಟ್ಯಾಕ್ ಬಟನ್ ಒತ್ತಿದರೆ ಆ ಥ್ರೆಡ್ ಬಳಸುತ್ತಿರುವ ಡಿಎಲ್‌ಎಲ್ (ಆ್ಯಪ್‌ಗಳು ಬಳಸುವ ಕೋಡ್) ಫೈಲ್‌ಗಳ ಹೆಸರು ಸಾಲಾಗಿ ಬರುತ್ತವೆ. ಅಲ್ಲಿ ಪ್ರಿಂಟರ್ ಡ್ರೈವರಿನದೋ ಪ್ಲಗಿನ್ನಿನದೋ ಹೆಸರು ಮತ್ತೆ ಮತ್ತೆ ಕಂಡರೆ ಮೊದಲು ಅದನ್ನೇ ತೆಗೆದು ನೋಡಿ. ಇಡೀ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡುವ ಅಗತ್ಯ ಬಾರದೇ ಇರಬಹುದು. ಸಿಪಿಯುವನ್ನು ‘ಇಂಟರಪ್ಟ್ಸ್’ ಎಂಬ ಸಾಲೇ ನುಂಗುತ್ತಿದ್ದರೆ ಮಾತ್ರ ದೋಷ ಆ್ಯಪ್‌ನದ್ದಲ್ಲ, ಡ್ರೈವರ್ ಅಥವಾ ಹಾರ್ಡ್‌ವೇರ್‌ನದ್ದು.

ಈಗ ಆ ಆ್ಯಪ್‌ನ ಸಾಲಿನ ಮೇಲೆ ರೈಟ್ ಕ್ಲಿಕ್, ಸಸ್ಪೆಂಡ್. ಸಾಲು ಬೂದುಬಣ್ಣಕ್ಕೆ ತಿರುಗುತ್ತದೆ, ಮೊರೆಯುತ್ತಿದ್ದ ಫ್ಯಾನ್ ನಿಧಾನವಾಗಿ ತಣ್ಣಗಾಗುತ್ತದೆ. ಉಳಿದ ಕಡತಗಳನ್ನು ಸೇವ್ ಮಾಡಿಕೊಂಡು ಆಮೇಲೆ ರಿಸ್ಯೂಮ್. ಲೂಪ್‌ನಲ್ಲಿ ಬಿದ್ದ ಆ್ಯಪ್ ಇದರಿಂದ ಸರಿಹೋಗುವುದಿಲ್ಲ, ಅದು ತಿಂದ ರ‍್ಯಾಮ್ ಕೂಡ ಕೂಡಲೇ ವಾಪಸ್ ಬರುವುದಿಲ್ಲ. ಪಕ್ಕದ ಕೆಲಸ ಉಳಿಯುತ್ತದೆ, ಅದೇ ದೊಡ್ಡದು. ಕನ್ನಡ ಟೈಪಿಂಗ್ ತಂತ್ರಾಂಶವನ್ನು ಮಾತ್ರ ಸಸ್ಪೆಂಡ್ ಮಾಡಬೇಡಿ: ಕೀಲಿಮಣೆಯನ್ನು ಅದು ಹಿಡಿದುಕೊಂಡಿದ್ದರೆ ಪ್ರತಿ ಅಕ್ಷರವೂ ತಡವರಿಸುತ್ತದೆ. ‘ಸಿಎಸ್‌ಆರ್‌ಎಸ್‌ಎಸ್’ ಮುಂತಾದ ವಿಂಡೋಸ್‌ನದೇ ಸಾಲುಗಳ ತಂಟೆಗೂ ಹೋಗಬೇಡಿ.

ಬೇಸರದ ಸಂಗತಿಯೆಂದರೆ ಇದು ಲಾಗ್ ಬರೆದಿಡುವುದಿಲ್ಲ. ಹ್ಯಾಂಗ್ ಆಗಿ ಮುಗಿದ ಮೇಲೆ ತೆರೆದರೆ ಕೈಗೆ ಏನೂ ಸಿಗದು. ಹ್ಯಾಂಗ್ ಆದಾಗಲೇ ತೆರೆಯಹೊರಟರೆ, ಡಿಸ್ಕ್ ಒದ್ದಾಡುತ್ತಿರುವ 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಇದೂ ಕಾಯಿಸುತ್ತದೆ. ಅಕ್ಷರಗಳೂ ಸಣ್ಣವು, ಆಪ್ಷನ್ಸ್ ಮೆನುವಿನಲ್ಲಿ ಫಾಂಟ್ ದೊಡ್ಡದು ಮಾಡಿಕೊಳ್ಳಬೇಕು. ಅದೇ ಮೆನುವಿನಲ್ಲಿ ‘ರನ್ ಅಟ್ ಲಾಗಾನ್’ ಮತ್ತು ‘ಹೈಡ್ ವೆನ್ ಮಿನಿಮೈಸ್ಡ್’ ಎರಡಕ್ಕೂ ಟಿಕ್ ಹಾಕಿ. ಗಡಿಯಾರದ ಪಕ್ಕದ ಪುಟ್ಟ ಗ್ರಾಫ್ ಏರಿದಾಗ ಮೌಸ್ ಅಲ್ಲಿಗೆ ಒಯ್ದರೆ ಸಾಕು, ಆ ಕ್ಷಣಕ್ಕೆ ಸಿಪಿಯು ತಿನ್ನುತ್ತಿರುವ ಆ್ಯಪ್‌ನ ಹೆಸರು ಕಾಣುತ್ತದೆ.