ಮೂರು ಹಳೇ ಕ್ಯಾಮೆರಾ, ಮೂರು ಅಂತರ

ಬ್ಯಾಟರಿಯಿಂದಲೇ ಶುರು ಮಾಡುತ್ತೇನೆ. ರಿಕೋ ಜಿಆರ್‌ಗೆ ಹಾಕುವ ಡಿಬಿ-65, ಸಿಗ್ಮಾ ಡಿಪಿ2 ಮೆರಿಲ್‌ಗೆ ಹಾಕುವ ಬಿಪಿ-41 ಹೆಸರಿಗೆ ಬೇರೆ ಬೇರೆ, ಅಳತೆಗೆ ಒಂದೇ. ಇದನ್ನು ಅದಕ್ಕೆ ಹಾಕಿದರೂ ಕೂರುತ್ತದೆ, ಕ್ಯಾಮೆರಾ ತಕರಾರಿಲ್ಲದೆ ನಡೆಯುತ್ತದೆ. ಒಂದು ಸಲ ಚಾರ್ಜ್ ಮಾಡಿದರೆ ರಿಕೋದಲ್ಲಿ ಸುಮಾರು 290 ಚಿತ್ರ ಎಂಬುದು ಕಂಪನಿಯ ಲೆಕ್ಕ. ಸಿಗ್ಮಾದಲ್ಲಿ 97. ಡಬ್ಬಿಯಲ್ಲೇ ಎರಡು ಬ್ಯಾಟರಿ ಇಟ್ಟು ಮಾರುತ್ತಿದ್ದುದು ಸುಮ್ಮನೆ ಅಲ್ಲ. ಒಂದೇ ಬ್ಯಾಟರಿ ಎರಡು ಮನೆಯಲ್ಲಿ ಎರಡು ಥರ ಬಾಳುವುದನ್ನು ನೋಡಿದ ಮೇಲೆಯೇ ಈ ಕ್ಯಾಮೆರಾಗಳನ್ನು ಒಟ್ಟಿಗಿಟ್ಟು ತೂಗಿ ನೋಡುವ ಹುಕಿ ಹುಟ್ಟಿದ್ದು.

ಮೂರನೆಯದು ಫ್ಯೂಜಿಫಿಲ್ಮ್ ಎಕ್ಸ್100. ಈಗ ಸಿಗುವ ಅದರ ಮರಿಮಕ್ಕಳಲ್ಲ, ಮೊದಲ ಮಾದರಿ. 2010ರಲ್ಲಿ ಘೋಷಣೆಯಾಗಿ ಮರುವರ್ಷ ಅಂಗಡಿಗೆ ಬಂದದ್ದು. ಮೆರಿಲ್ 2012ರದು, ಈ ಜಿಆರ್ 2013ರದು. ಮೂರರಲ್ಲೂ ಎಪಿಎಸ್-ಸಿ ಅಳತೆಯ ದೊಡ್ಡ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್. ಮೂರರಲ್ಲೂ ಲೆನ್ಸ್ ಬಿಚ್ಚಲು ಬಾರದು, ಝೂಮ್ ಇಲ್ಲ. ಮೂರನ್ನೂ ಸೆಕೆಂಡ್ ಹ್ಯಾಂಡ್ ಕೊಂಡು ವರ್ಷದಿಂದ ಒಂದಾದ ಮೇಲೊಂದು ಹೊತ್ತು ತಿರುಗಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೆ ಮೆಗಾಪಿಕ್ಸೆಲ್ ಪಟ್ಟಿ ಹಿಡಿದುಕೊಂಡೇ ಕೂತಿದ್ದೆ. ಎರಡು ವಾರದಲ್ಲಿ ಅದು ಮರೆತುಹೋಯಿತು. ಉಳಿದದ್ದು ಒಂದೇ ಪ್ರಶ್ನೆ: ಎದುರಿನ ಮನುಷ್ಯನಿಂದ ನಾನು ಎಷ್ಟು ದೂರ ನಿಲ್ಲಬೇಕು? ಫಿಲ್ಮ್ ಕಾಲದ ಲೆಕ್ಕಕ್ಕೆ ತಂದರೆ ರಿಕೋದ ಲೆನ್ಸ್ 28 ಮಿ.ಮೀ., ಫ್ಯೂಜಿಯದು 35, ಸಿಗ್ಮಾದ್ದು 45; ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ. ಕಾಗದದ ಮೇಲೆ ಇದೇನು ದೊಡ್ಡ ವ್ಯತ್ಯಾಸವಲ್ಲ. ನಿಂತ ಆಳನ್ನು ತಲೆ ಮೇಲೆ, ಕಾಲ ಕೆಳಗೆ ಸ್ವಲ್ಪ ಜಾಗ ಬಿಟ್ಟು ಅಡ್ಡ ಚೌಕಟ್ಟಿನಲ್ಲಿ ಹಿಡಿಯಿರಿ, ಆಗ ಗೊತ್ತಾಗುತ್ತದೆ. ರಿಕೋ ಹಿಡಿದರೆ 2.3 ಮೀಟರ್ ದೂರದಲ್ಲಿ ನಿಲ್ಲಬೇಕು, ಫ್ಯೂಜಿಗೆ ಸುಮಾರು 2.9, ಸಿಗ್ಮಾಕ್ಕೆ ಹತ್ತಿರಹತ್ತಿರ 3.8. ಎರಡೂ ಕಾಲು ಮೀಟರ್ ಅಂದರೆ ಮಾತಾಡಿಸದೆ ಇರಲಾಗದ ದೂರ. ನಾಲ್ಕು ಮೀಟರ್ ಹತ್ತಿರ ಬಂದರೆ ನೀವು ಬರೀ ನೋಡುಗರು. ಝೂಮ್ ಇದ್ದರೆ ಈ ಸಂಕೋಚವನ್ನು ಬೆರಳಲ್ಲೇ ಮುಚ್ಚಿಕೊಳ್ಳಬಹುದಿತ್ತು.

ನನ್ನ ಸ್ವಭಾವಕ್ಕೆ 35 ಸಲೀಸು. ಹಾಗಾಗಿ ಫ್ಯೂಜಿಯೇ ಗೆಲ್ಲುತ್ತದೆ ಎಂದುಕೊಂಡಿದ್ದೆ, ಮೊದಲ ತಿಂಗಳು ಗೆದ್ದೂ ಗೆದ್ದಿತು. ಅದರ ವ್ಯೂಫೈಂಡರ್‌ಗೆ ಕಣ್ಣಿಟ್ಟರೆ ಬರೀ ಗಾಜು, ಅದರ ಮೇಲೆ ಬೆಳಕಿನ ಗೆರೆಯ ಚೌಕಟ್ಟು ತೇಲುತ್ತಿರುತ್ತದೆ. ಚೌಕಟ್ಟಿನ ಆಚೆಗೂ ಕಾಣುವುದರಿಂದ ಯಾರು ಒಳಗೆ ಬರುತ್ತಿದ್ದಾರೆ ಎಂದು ಮೊದಲೇ ತಿಳಿಯುತ್ತದೆ. ಮುಂಭಾಗದ ಸನ್ನೆಕೋಲನ್ನು ತಳ್ಳಿದರೆ ಅದೇ ಕಿಂಡಿಯಲ್ಲಿ ಎಲೆಕ್ಟ್ರಾನಿಕ್ ಪರದೆ. ಬೆಳಕು ಬಿಡುವ ಕಿಂಡಿಗೆ, ಅಂದರೆ ಅಪರ್ಚರ್‌ಗೆ, ಲೆನ್ಸಿನ ಸುತ್ತ ಉಂಗುರ, ಶಟರ್ ವೇಗಕ್ಕೆ ಮೇಲೊಂದು ಡಯಲ್. ಕ್ಯಾಮೆರಾ ಆಫ್ ಇದ್ದಾಗಲೇ ಎಲ್ಲ ಹೊಂದಿಸಿಟ್ಟುಕೊಳ್ಳಬಹುದು. ಶಟರ್ ಲೆನ್ಸಿನೊಳಗೇ ಇರುವುದರಿಂದ ಸದ್ದು ಕೂಡ ಕೇಳಿಯೂ ಕೇಳದಷ್ಟು (ಈ ಗುಣ ಉಳಿದೆರಡಕ್ಕೂ ಇದೆ).

ಆದರೆ ಫೋಕಸ್! ಓಡುವ ಮಗುವಿನ ಹಿಂದೆ ಇದನ್ನು ಹಿಡಿದು ಹೋಗಬೇಡಿ. 2013ರಲ್ಲಿ ಬಂದ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಹಾಕಿದ ಮೇಲೆ ಎಷ್ಟೋ ವಾಸಿ, ಕೈಯಿಂದ ಫೋಕಸ್ ಮಾಡುವಾಗ ಅಂಚುಗಳು ಹೊಳೆದು ತೋರುವ ಸೌಕರ್ಯವೂ ಅದರಲ್ಲೇ ಬಂತು. ಹಳೇ ಫರ್ಮ್‌ವೇರ್‌ನಲ್ಲೇ ಇದ್ದರೆ ಮೊದಲು ಅದನ್ನು ಬದಲಿಸಿ. ಎದುರಿನ ವಸ್ತು ತೀರ ಹತ್ತಿರ ಬಂದರೆ ಮ್ಯಾಕ್ರೋ ಗುಂಡಿ ಒತ್ತಲೇಬೇಕು, ಮರೆತರೆ ಲೆನ್ಸ್ ಹಿಂದೆ ಮುಂದೆ ತಡಕಾಡಿ ಸುಮ್ಮನಾಗುತ್ತದೆ. ಹತ್ತಿರದಿಂದ ಎಫ್/2ರಲ್ಲಿ, ಅಂದರೆ ಅಪರ್ಚರ್ ಪೂರ್ತಿ ತೆರೆದು, ತೆಗೆದರೆ ಚಿತ್ರದ ಮೇಲೆ ಹಬೆ ಕೂತ ಹಾಗೆ ಮೃದು. ದೋಷ ಎನ್ನುವವರು ಬಹಳ. ಕಿಟಕಿ ಪಕ್ಕ ಕೂತ ಅಮ್ಮನ ಮುಖಕ್ಕೆ ಆ ಹಬೆ ನನಗೆ ಬೇಕಾಗಿತ್ತು. ಎಫ್/4ಕ್ಕೆ ತಂದರೆ ಅದೇ ಲೆನ್ಸ್ ಚೂಪಾಗುತ್ತದೆ. ಇನ್ನೊಂದು ಮಾತು: ಇದರ ಬ್ಯಾಟರಿ ತಿರುವುಮುರುವಾಗಿ ಹಾಕಿದರೂ ಒಳಗೆ ಹೋಗುತ್ತದೆ. ಹಾಗೆ ಹಾಕಿ, ಕ್ಯಾಮೆರಾ ಸತ್ತೇಹೋಯಿತೆಂದು ಅರ್ಧ ಗಂಟೆ ಕೈ ಹೊಸೆದುಕೊಂಡು ಕೂತ ಜಾಣ ನಾನೇ.

ರಿಕೋ ನೋಡಲು ಏನೂ ಅಲ್ಲ. ಕಪ್ಪು ಸೋಪಿನ ಬಿಲ್ಲೆ. ಬ್ಯಾಟರಿ, ಕಾರ್ಡ್ ಸೇರಿ 245 ಗ್ರಾಂ, ಫ್ಯೂಜಿ ಅದರ ಹತ್ತಿರಹತ್ತಿರ ಎರಡರಷ್ಟು. ಈ ಇನ್ನೂರು ಗ್ರಾಂ ತಕ್ಕಡಿಯಲ್ಲಿ ಸಣ್ಣದು, ದಿನಚರಿಯಲ್ಲಿ ದೊಡ್ಡದು. ಫ್ಯೂಜಿಯನ್ನು "ತೆಗೆದುಕೊಂಡು" ಹೋಗಬೇಕು. ರಿಕೋ ಪ್ಯಾಂಟಿನ ಜೇಬಿನಲ್ಲಿ ತಾನಾಗಿಯೇ ಬಂದಿರುತ್ತದೆ. ಒಂದೇ ಕೈಯಲ್ಲಿ ಎಲ್ಲ ಗುಂಡಿ ಸಿಗುತ್ತವೆ, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದಿರಬಹುದು. ಜಪಾನಿನ ದೈದೋ ಮೊರಿಯಾಮಾ ಅವರಂಥ ಬೀದಿ ಛಾಯಾಗ್ರಾಹಕರು ಜಿಆರ್ ಸಾಲಿಗೆ ಏಕೆ ಒಗ್ಗಿಹೋದರು ಎನ್ನುವುದು ಒಂದು ಸಂಜೆ ಬಳಸಿದರೆ ಅರ್ಥವಾಗುತ್ತದೆ.

ಇದರ ಜೀವ ಇರುವುದು ಸ್ನ್ಯಾಪ್ ಫೋಕಸ್‌ನಲ್ಲಿ. 1, 1.5, 2, 2.5, 5 ಮೀಟರ್ ಅಥವಾ ಅನಂತ, ಇದರಲ್ಲೊಂದನ್ನು ಮೊದಲೇ ಆರಿಸಿಡಬೇಕು. ಗುಂಡಿಯನ್ನು ಅರ್ಧಕ್ಕೆ ನಿಲ್ಲಿಸದೆ ಒಮ್ಮೆಲೇ ಪೂರ್ತಿ ಒತ್ತಿದರೆ ಕ್ಯಾಮೆರಾ ಫೋಕಸ್ ಹುಡುಕುವುದಿಲ್ಲ, ಆ ದೂರಕ್ಕೇ ಹಾರಿ ಚಿತ್ರ ತೆಗೆದುಬಿಡುತ್ತದೆ. ಲೆನ್ಸ್ ನಿಜಕ್ಕೆ 18.3 ಮಿ.ಮೀ. ಆದ್ದರಿಂದ ಎಫ್/8ರಲ್ಲಿ 2.5 ಮೀಟರಿಗೆ ಇಟ್ಟರೆ ಸುಮಾರು 1.2 ಮೀಟರಿನಿಂದ ಕಣ್ಣು ಹೋಗುವಷ್ಟು ದೂರದವರೆಗೂ ಸ್ಪಷ್ಟ. ಅಂದರೆ ಆಟೋಫೋಕಸ್ ಎಷ್ಟು ಹಳೆಯದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಫ್ಯೂಜಿಯಲ್ಲಿ ಕಳೆದುಕೊಂಡ ಕ್ಷಣಗಳೆಲ್ಲ ಇಲ್ಲಿ ಸಿಕ್ಕವು. ಸಿಕ್ಕ ಅರ್ಧದಷ್ಟು ಚಿತ್ರ ಓರೆಯಾಗಿದ್ದವು, ಅದು ನನ್ನ ಕೈ ಗುಣ.

ಕೊರತೆ ಎಂದರೆ ವ್ಯೂಫೈಂಡರ್ ಇಲ್ಲ. ನೆತ್ತಿಯ ಬಿಸಿಲಲ್ಲಿ ಪರದೆ ಕಾಣದೆ ಅಂದಾಜಿನಲ್ಲಿ ಹೊಡೆಯಬೇಕು. ಕೈನಡುಕ ತಡೆಯುವ ವ್ಯವಸ್ಥೆಯೂ ಇಲ್ಲ. ಅದು ಉಳಿದೆರಡಕ್ಕೂ ಇಲ್ಲ ಬಿಡಿ, ಆದರೆ ಎಫ್/2.8 ಲೆನ್ಸಿನೊಂದಿಗೆ ಮಬ್ಬು ಬೆಳಕಿನಲ್ಲಿ ಅದರ ಬಿಸಿ ಬೇಗ ತಟ್ಟುತ್ತದೆ. ಬಣ್ಣಗಳು ಸ್ವಲ್ಪ ಒಣ. ಜೆಪೆಗ್ ಬಣ್ಣವೇ ಮುಖ್ಯ ಎನ್ನುವವರು ಫ್ಯೂಜಿಗೆ ಹೋಗಲಿ. ರಾ ಫೈಲು (ಕ್ಯಾಮೆರಾ ಹದಗೊಳಿಸದ ಹಸಿ ಚಿತ್ರ) ಡಿಎನ್‌ಜಿ ಎಂಬ ಎಲ್ಲೆಡೆ ನಡೆಯುವ ರೂಪದಲ್ಲೇ ಬರುವುದರಿಂದ ಹಳೇ ಸಾಫ್ಟ್‌ವೇರ್‌ನಲ್ಲೂ ತೆರೆಯುತ್ತದೆ. ಹಳೇ ಕ್ಯಾಮೆರಾ ಕೊಳ್ಳುವಾಗ ಯಾರೂ ಇದನ್ನು ಯೋಚಿಸುವುದಿಲ್ಲ.

ಸಿಗ್ಮಾ ಕೊಂಡವರಂತೂ ಯೋಚಿಸಲೇಬೇಕು. ಅದರ ಎಕ್ಸ್3ಎಫ್ ರಾ ಫೈಲಿಗೆ ಬಹುಮಟ್ಟಿಗೆ ಸಿಗ್ಮಾದ್ದೇ ಸಾಫ್ಟ್‌ವೇರ್ ಬೇಕು, ಅದರ ನಡಿಗೆ ಎತ್ತಿನ ಗಾಡಿಯದು. ಚಿತ್ರ ತೆಗೆದ ಮೇಲೆ ಕಾರ್ಡಿಗೆ ಬರೆದು ಮುಗಿಸಲು ಬಹಳ ಹೊತ್ತು. ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಹೇಳುವ ಐಎಸ್‌ಒ 400 ದಾಟಿದರೆ ಬಣ್ಣ ಹದಗೆಡಲು ಶುರು. ಇಷ್ಟೆಲ್ಲ ಏಕೆ ಸಹಿಸಬೇಕು? ಸೆನ್ಸರ್‌ಗಾಗಿ. ಸಾಮಾನ್ಯ ಸೆನ್ಸರಿನಲ್ಲಿ ಒಂದೊಂದು ಪಿಕ್ಸೆಲ್ ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನೇ ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕದವರನ್ನು ಕೇಳಿ ಊಹಿಸಿಕೊಳ್ಳುತ್ತದೆ. ಇದರ ಫೋವಿಯಾನ್ ಸೆನ್ಸರಿನಲ್ಲಿ ಹಾಗಲ್ಲ. ಸಿಲಿಕಾನ್‌ನಲ್ಲಿ ನೀಲಿ ಬೆಳಕು ಮೇಲ್ಪದರದಲ್ಲೇ ಇಂಗಿ, ಕೆಂಪು ಆಳಕ್ಕೆ ಇಳಿಯುತ್ತದಲ್ಲ, ಆ ಗುಣ ಹಿಡಿದು ಒಂದೇ ಜಾಗದಲ್ಲಿ ಮೂರು ಪದರದಲ್ಲಿ ಮೂರೂ ಬಣ್ಣ ಅಳೆಯುತ್ತಾರೆ. ಕಂಪನಿ 46 ಮೆಗಾಪಿಕ್ಸೆಲ್ ಎನ್ನುವುದು ಪದರ ಕೂಡಿಸಿದ ಲೆಕ್ಕ. ಚಿತ್ರದ ಅಳತೆ 4704 ಪಿಕ್ಸೆಲ್ ಅಡ್ಡ, 3136 ಉದ್ದ. ಮೆರಿಲ್ ಎಂಬ ಹೆಸರು ಈ ತಂತ್ರಜ್ಞಾನಕ್ಕೆ ದುಡಿದ ರಿಚರ್ಡ್ ಮೆರಿಲ್ ಅವರ ನೆನಪಿನದು.

ಮಳೆ ನಿಂತ ಮೇಲೆ ಒಂದೇ ಮರದ ತೊಗಟೆಯನ್ನು ಮೂರರಲ್ಲೂ ತೆಗೆದೆ. ಸಿಗ್ಮಾದ ಚಿತ್ರ ತೆರೆದಾಗ ಬೆರಳು ಚಾಚಿ ಮುಟ್ಟಬೇಕೆನಿಸಿತು. ಪಾಚಿಯ ಎಳೆ ಎಳೆ ಬೇರೆ. ಉಳಿದೆರಡು ಅದರ ಪಕ್ಕದಲ್ಲಿ ತೊಗಟೆಯ ಚಿತ್ರಗಳಾಗಿ ಕಂಡವು, ಅಷ್ಟೇ. ಅದೇ ಸಂಜೆ ದೀಪ ಹತ್ತಿದ ಬೀದಿಯಲ್ಲಿ ಅದೇ ಸಿಗ್ಮಾ ಕೈಚೆಲ್ಲಿ ಕೂತಿತು.

ಕೊಳ್ಳುವ ಮುಂಚೆ ಯಾವುದೇ ಆಗಲಿ, ಎಫ್/16ರಲ್ಲಿ ಬಿಳಿ ಗೋಡೆಯ ಒಂದು ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಲೆನ್ಸ್ ಬಿಚ್ಚಲಾಗದ ಕ್ಯಾಮೆರಾದ ಸೆನ್ಸರ್ ಮೇಲೆ ಧೂಳು ಕೂತರೆ ನೀವೇ ಒರೆಸಿಕೊಳ್ಳುವಂತಿಲ್ಲ. ಜೊತೆಗೆ ಕೊಡುವ ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ತಿರುಗಿಸಿ. ಬುಗುರಿಯ ಹಾಗೆ ತಿರುಗಿದರೆ ಉಬ್ಬಿದೆ ಎಂದರ್ಥ. ನನಗೆ ಒಬ್ಬರು ಕೊಟ್ಟದ್ದು ಚೆನ್ನಾಗಿಯೇ ತಿರುಗಿತು.

ಈಗ ರಿಕೋ ಜೇಬಿನಲ್ಲಿದೆ. ಮನೆಯವರ ಮುಖಗಳಿಗೆ ಫ್ಯೂಜಿ ಮೇಜಿನ ಮೇಲೆ. ಸಿಗ್ಮಾವನ್ನು ಮಾರಿಬಿಡೋಣ ಎಂದು ಎರಡು ಸಲ ಬೀರುವಿನಿಂದ ಹೊರತೆಗೆದೆ. ಎರಡು ಸಲವೂ, ಕೆಲಸ ಮಾಡುತ್ತದೆಯೇ ನೋಡೋಣ ಎಂದು ಒಂದು ಚಿತ್ರ ತೆಗೆದೆ. ಕಂಪ್ಯೂಟರಿನಲ್ಲಿ ಅದು ನಿಧಾನಕ್ಕೆ ತೆರೆದುಕೊಳ್ಳುವುದನ್ನು ನೋಡುತ್ತ ಕೂತೆ. ಕ್ಯಾಮೆರಾ ಮತ್ತೆ ಬೀರುವಿಗೆ ಹೋಯಿತು.